ಡಬ್ಬಿಯಲ್ಲಿದ್ದ ಅರುವತ್ತು ಚೀಟಿಗಳು

ನಮ್ಮ ಶಾಲೆಯ ಈ ಸ್ಮರಣ ಸಂಚಿಕೆಗೆ ನಾನೂ ನಾಲ್ಕು ಮಾತು ಬರೆದುಕೊಡಬೇಕೆಂದು ಮುಖ್ಯೋಪಾಧ್ಯಾಯಿನಿಯವರು ಹೇಳಿಕಳುಹಿಸಿದಾಗ, ಏನನ್ನು ಬರೆಯಲೆಂದು ನಾನು ಬಹಳ ಯೋಚಿಸಬೇಕಾಗಲಿಲ್ಲ. ಇಲ್ಲಿ ಅನೇಕ ವರ್ಷಗಳ ಕಾಲ ಗಣಿತವನ್ನು ಕಲಿಸಿದವಳು ನಾನು. ತಾವು ಕಲಿಸಿದುದನ್ನು ಕುರಿತು ಬರೆಯುವವರು ಹಲವರಿರುವರು. ನಾನಾದರೋ ಇಲ್ಲಿ ಕಲಿತುದೊಂದನ್ನು ಬರೆಯುವೆನು. ಅದನ್ನು ನನಗೆ ಕಲಿಸಿದವಳು ಎಂಟನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಒಬ್ಬ ಹುಡುಗಿ. ಕಲಿಸಿದ ದಿನ ಆಕೆಗೆ ನನ್ನಿಂದ ದೊರೆತ ಗುರುದಕ್ಷಿಣೆಯೆಂದರೆ, ನೋಟುಬುಕ್ಕಿನಲ್ಲಿ ಕೆಂಪು ಮಸಿಯಿಂದ ಎಳೆದ ಒಂದು ತಪ್ಪು ಗುರುತು.

ಈಗ ಐವತ್ತು ವರ್ಷಗಳ ಮೇಲಾಯಿತು. ಆ ದಿನ ಬೆಳಗಿನಿಂದಲೂ ಮಳೆ. ತರಗತಿಯಲ್ಲಿ ಅರ್ಧದಷ್ಟು ಹುಡುಗಿಯರು ಬಂದಿರಲಿಲ್ಲ. ಹೊಸ ಪಾಠವನ್ನು ಆರಂಭಿಸಿದರೆ ಬಾರದವರಿಗೆ ನಷ್ಟವಾಗುವುದೆಂದು ನಾನು ಒಂದು ವಿನೋದವನ್ನು ಯೋಚಿಸಿದೆನು. ಹಳೆಯ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ 1ರಿಂದ ಮೊದಲುಮಾಡಿ ಕ್ರಮವಾಗಿ ಅಂಕಿಗಳನ್ನು ಬರೆದ ಚೀಟಿಗಳನ್ನು ಹಾಕಿದೆನು. ಒಟ್ಟು ಅರುವತ್ತು. ಇದು ನನ್ನೊಬ್ಬಳಿಗೇ ಗೊತ್ತು. "ಇದರಿಂದ ಐದು ಚೀಟಿಗಳನ್ನು ನೋಡದೆ ತೆಗೆಯುವೆನು. ಅವುಗಳನ್ನು ಕಂಡು ಡಬ್ಬಿಯಲ್ಲಿದ್ದ ಚೀಟಿಗಳು ಒಟ್ಟು ಎಷ್ಟೆಂದು ಹೇಳಿರಿ. ಯಾರ ಉತ್ತರ ಹತ್ತಿರವಾಗುವುದೋ ಅವರಿಗೊಂದು ಪೆನ್ಸಿಲು" ಎಂದೆನು.

ಬಂದ ಚೀಟಿಗಳು 11, 27, 34, 39, 42.

ಮೂವರು ಕೈಯೆತ್ತಿದರು. ಕಿಟಕಿಯ ಬಳಿಯ ಹುಡುಗಿ, "ಟೀಚರ್, 42" ಎಂದಳು. ಕಂಡ ಚೀಟಿಗಳಲ್ಲಿ ದೊಡ್ಡದು ಯಾವುದೋ ಅದೇ ಆಕೆಗೆ ಉತ್ತರ. ಮುಂದಿನ ಬೆಂಚಿನವಳು ತರಗತಿಗೆ ಮೊದಲಿಗಳು, ಅವಳು ಎದ್ದುನಿಂತು, "ಐದನ್ನೂ ಕೂಡಿದರೆ 153. ಸರಾಸರಿ ಮೂವತ್ತೂವರೆಗೆ ತುಸು ಮೇಲೆ. ಒಂದರಿಂದ ಆರಂಭವಾಗುವ ಸಾಲಿನ ಸರಾಸರಿ ಸಾಲಿನ ನಡುವೆ ಇರಬೇಕು. ಆದ್ದರಿಂದ ಅದನ್ನು ಇಮ್ಮಡಿಸಿ ಒಂದನ್ನು ಕಳೆದರೆ 60" ಎಂದಳು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಕಡೆಯಲ್ಲಿ ಹಿಂದಿನ ಬೆಂಚಿನಿಂದ ಮೆಲ್ಲನೆ ಒಂದು ಧ್ವನಿ ಬಂದಿತು: "ಟೀಚರ್, 42ರೊಳಗೆ ಐದು ಚೀಟಿ ಬಂದಿವೆ. ಬಾರದೆ ಉಳಿದವು 37. ಎಂದರೆ ಒಂದೊಂದು ಚೀಟಿಯ ಕೆಳಗೂ ಸರಾಸರಿ ಏಳು ಏಳೂವರೆ ಖಾಲಿ. 42ರ ಮೇಲೆಯೂ ಅಷ್ಟೇ ಖಾಲಿ ಇರಬಹುದಲ್ಲವೇ? ಹಾಗಾದರೆ 49."

ನಾನು ಡಬ್ಬಿಯ ಚೀಟಿಗಳನ್ನು ಎಣಿಸಿ ತೋರಿಸಿದೆನು. ಮುಂದಿನ ಬೆಂಚಿನವಳಿಗೆ ಪೆನ್ಸಿಲು ಹೋಯಿತು. ಸರಾಸರಿಯ ಕ್ರಮವೇ ಸರಿಯಾದ ಕ್ರಮವೆಂದು ಕಪ್ಪುಹಲಗೆಯ ಮೇಲೆ ಬರೆದು, ಎಲ್ಲರ ಪುಸ್ತಕಗಳನ್ನೂ ನೋಡುತ್ತಾ ಹೋಗಿ, ಹಿಂದಿನ ಬೆಂಚಿನವಳ ಪುಸ್ತಕದಲ್ಲಿ ತಪ್ಪು ಗುರುತು ಹಾಕಿದೆನು. ಆಕೆ ತಲೆಯೆತ್ತದೆ ಹೇಳಿದುದು ಒಂದೇ ಮಾತು: "ಟೀಚರ್, ಇನ್ನೊಂದು ಸಲ ಚೀಟಿ ತೆಗೆಯೋಣವೇ?" ಅಷ್ಟರಲ್ಲಿ ಗಂಟೆ ಹೊಡೆಯಿತು. "ಉತ್ತರ ತಿಳಿದ ಮೇಲೆ ಇನ್ನೊಂದು ಸಲವೇಕೆ?" ಎಂದು ನಾನು ಡಬ್ಬಿಯನ್ನು ಎತ್ತಿಕೊಂಡು ಹೊರಟೆನು.

ಇಲ್ಲಿ ಒಂದು ಸಂಗತಿಯನ್ನು ಮುಚ್ಚಿಡದೆ ಹೇಳಬೇಕು. ಆ ವಾರವೇ ನಾನು ಮುಂದಿನ ತರಗತಿಯಲ್ಲಿ ಐಚ್ಛಿಕ ಗಣಿತವನ್ನು ತೆಗೆದುಕೊಳ್ಳಬಹುದಾದ ಹುಡುಗಿಯರ ಪಟ್ಟಿಯನ್ನು ಕೊಡಬೇಕಾಗಿದ್ದಿತು. ಹಿಂದಿನ ಬೆಂಚಿನವಳಿಗೆ ಅದರಲ್ಲಿ ಬಹಳ ಆಸೆ. ಆದರೆ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಆಕೆಗೆ ಬಂದ ಅಂಕಗಳು ಕಡಮೆ. ಆ ಒಂದು ಅಂಕವನ್ನು ನೋಡಿ ನಾನು ಆಕೆಯ ಹೆಸರನ್ನು ಬಿಟ್ಟಿದ್ದೆನು. ಈ ಚೀಟಿಯ ಆಟದಲ್ಲಿಯೂ ಆಕೆ ಸೋತದ್ದರಿಂದ ನನ್ನ ತೀರ್ಮಾನಕ್ಕೆ ಮತ್ತೊಂದು ಸಾಕ್ಷಿ ದೊರೆತಂತಾಯಿತೆಂದು ಮನಸ್ಸಿಗೆ ನೆಮ್ಮದಿಯೂ ಆಯಿತು.

ರಾತ್ರಿ ಊಟವಾದ ಮೇಲೆ ಡಬ್ಬಿ ಮೇಜಿನ ಮೇಲಿದ್ದಿತು. ಆಕೆಯ ಮಾತು ನೆನಪಾಗಿ, ಸುಮ್ಮನೆ ಐದು ಚೀಟಿಗಳನ್ನು ತೆಗೆದೆನು. 3, 8, 14, 20, 52. ಮೊತ್ತ 97. ಸರಾಸರಿ 19.4. ಇಮ್ಮಡಿಸಿ ಒಂದನ್ನು ಕಳೆದರೆ 38ಕ್ಕೆ ತುಸು ಕಡಮೆ. ನಾನು "ಸರಿಯಾದ ಕ್ರಮ"ವೆಂದು ಹಲಗೆಯ ಮೇಲೆ ಬರೆದ ಕ್ರಮವು, ಡಬ್ಬಿಯಲ್ಲಿರುವುದು ಮೂವತ್ತೆಂಟು ಚೀಟಿಗಳೆಂದು ಹೇಳುತ್ತಿದ್ದಿತು. ಐವತ್ತೆರಡನೆಯ ಚೀಟಿಯಾದರೋ ನನ್ನ ಅಂಗೈಯಲ್ಲಿಯೇ ಇದ್ದಿತು! ಆ ಹುಡುಗಿಯ ಕ್ರಮದಿಂದ ಮಾಡಿದೆನು. 52ರೊಳಗೆ ಬಾರದೆ ಉಳಿದವು 47. ಐದರಲ್ಲಿ ಪಾಲುಮಾಡಿದರೆ 9.4, ಕೂಡಿಸಿದರೆ 61.4. ನಾನು ದೀಪದ ಮುಂದೆ ಬಹಳ ಹೊತ್ತು ಕುಳಿತಿದ್ದೆನು.

ಒಂದು ಸಲ ಗುರಿ ಮುಟ್ಟಿದ ಮಾತ್ರಕ್ಕೆ ಒಂದು ಕ್ರಮವು ಒಳ್ಳೆಯದಾಗದು. ಒಂದು ಸಲ ತಪ್ಪಿದ ಮಾತ್ರಕ್ಕೆ ಕೆಟ್ಟುದೂ ಆಗದು. ನಿಂತುಹೋದ ಗಡಿಯಾರವು ದಿನಕ್ಕೆ ಎರಡು ಸಲ ಸರಿಯಾದ ಹೊತ್ತನ್ನು ತೋರಿಸುವುದಿಲ್ಲವೇ? ಕ್ರಮಕ್ಕೂ ಕ್ರಮಕ್ಕೂ ಇರುವ ತಾರತಮ್ಯವನ್ನು ತಿಳಿಯಬೇಕಾದರೆ, ಅದೇ ಡಬ್ಬಿಯಿಂದ ಮತ್ತೆ ಮತ್ತೆ ಚೀಟಿಗಳನ್ನು ತೆಗೆದು, ಪ್ರತಿಯೊಂದು ಕ್ರಮವೂ ಪ್ರತಿಯೊಂದು ಸಲವೂ ಎಷ್ಟೆಷ್ಟು ತಪ್ಪುವುದೆಂದು ಬರೆದಿಟ್ಟು, ಆ ತಪ್ಪುಗಳನ್ನೆಲ್ಲಾ ಒಟ್ಟಿಗೆ ತೂಗಬೇಕು. ಹೆಚ್ಚು ಹೇಳಿದ ತಪ್ಪೂ ಕಡಮೆ ಹೇಳಿದ ತಪ್ಪೂ ಒಂದನ್ನೊಂದು ಹೊಡೆದುಹಾಕದಂತೆ, ಒಂದೊಂದು ತಪ್ಪನ್ನೂ ಅದರಿಂದಲೇ ಗುಣಿಸಿ ವರ್ಗಮಾಡಿ, ಆ ವರ್ಗಗಳ ಸರಾಸರಿಯನ್ನು ನೋಡುವುದು ಸಂಖ್ಯಾಶಾಸ್ತ್ರಜ್ಞರ ವಾಡಿಕೆ. ಹೀಗೆ ಮಾಡಿದರೆ ದೊಡ್ಡ ತಪ್ಪಿಗೆ ದೊಡ್ಡ ದಂಡವೂ ಬೀಳುವುದು.

ಮಾರನೆಯ ದಿನದಿಂದ ಒಂದು ವಾರ, ಗಣಿತದ ಗಂಟೆಯ ಕಡೆಯ ಹತ್ತು ನಿಮಿಷಗಳನ್ನು ಡಬ್ಬಿಗೆ ಮೀಸಲಿಟ್ಟೆವು. ಒಬ್ಬೊಬ್ಬಳೂ ಬಂದು ಐದು ಚೀಟಿ ತೆಗೆದು ಅಂಕಿಗಳನ್ನು ಓದುವಳು. ಚೀಟಿಗಳು ಮತ್ತೆ ಡಬ್ಬಿಗೆ ಬೀಳುವುವು. ಮೂರು ಕ್ರಮಗಳ ಉತ್ತರಗಳೂ ಹಲಗೆಯ ಮೇಲೆ ಮೂರು ಸಾಲುಗಳಲ್ಲಿ ಏರುವುವು. ಅತ್ತ ನಾನು ರಾತ್ರಿ ಕುಳಿತು ಬೀಜಗಣಿತದಿಂದ ಅದೇ ಲೆಕ್ಕವನ್ನು ಮಾಡಿದೆನು. ಹಲಗೆಯೂ ಬೀಜಗಣಿತವೂ ಒಂದೇ ಕಡೆಗೆ ಕೈತೋರಿಸಿದವು. ಬೀಜಗಣಿತದ ಫಲವನ್ನು ಇಲ್ಲಿ ಕೊಡುವೆನು.

ಅರುವತ್ತು ಚೀಟಿಗಳಿಂದ ಐದನ್ನು ತೆಗೆದಾಗ, ಸರಾಸರಿಯ ಕ್ರಮದ ತಪ್ಪುಗಳ ವರ್ಗಗಳ ಸರಾಸರಿ ಸುಮಾರು 224. ಅದರ ವರ್ಗಮೂಲ 15. ಹಿಂದಿನ ಬೆಂಚಿನವಳ ಕ್ರಮಕ್ಕೆ ಅದು ಸುಮಾರು 96; ವರ್ಗಮೂಲ 10ಕ್ಕೆ ತುಸು ಕಡಮೆ. ಎರಡೂ ಕ್ರಮಗಳು ಪಕ್ಷಪಾತವಿಲ್ಲದವು. ಎಂದರೆ ಅಸಂಖ್ಯ ಸಲ ಮಾಡಿದರೆ ಎರಡರ ಉತ್ತರಗಳ ಸರಾಸರಿಯೂ ಸರಿಯಾಗಿ ಅರುವತ್ತಕ್ಕೇ ಬಂದು ನಿಲ್ಲುವುದು. ಆದರೆ ಒಂದು ಅರುವತ್ತರ ಸುತ್ತ ದೂರದೂರಕ್ಕೆ ಚೆದರುವುದು. ಇನ್ನೊಂದು ಹತ್ತಿರದಲ್ಲಿಯೇ ಸುಳಿಯುವುದು. ಆ ಹುಡುಗಿಯ ಕ್ರಮವು ಐದು ಚೀಟಿಗಳಿಂದ ಮಾಡುವ ಕೆಲಸವನ್ನು ಸರಾಸರಿಯ ಕ್ರಮವು ಮಾಡಬೇಕಾದರೆ ಅದಕ್ಕೆ ಹನ್ನೊಂದು ಚೀಟಿಗಳು ಬೇಕು.

ಕಿಟಕಿಯ ಬಳಿಯ ಹುಡುಗಿಯ ಕ್ರಮವನ್ನು ನೋಡಿರಿ. ದೊಡ್ಡ ಸಂಖ್ಯೆಯನ್ನೇ ಉತ್ತರವೆಂದು ಹೇಳಿದರೆ ಅದು ಎಂದಿಗೂ ಅರುವತ್ತನ್ನು ಮೀರದು. ಸರಾಸರಿಯಲ್ಲಿ ಅದು 51ರ ಹತ್ತಿರ ನಿಲ್ಲುವುದು. ಇದು ಯಾವಾಗಲೂ ಒಂದೇ ಕಡೆಗೆ ವಾಲಿದ ತಕ್ಕಡಿ. ಆದರೂ ಅದರ ತಪ್ಪುಗಳ ವರ್ಗಗಳ ಸರಾಸರಿ 151. ಎಂದರೆ ಪಕ್ಷಪಾತವಿಲ್ಲದ ಸರಾಸರಿ ಕ್ರಮದ 224ಕ್ಕಿಂತ ಕಡಮೆಯೇ! ವಾಲಿದ್ದರೂ ಅಲುಗಾಡದ ತಕ್ಕಡಿಯು, ನೇರವಾಗಿದ್ದೂ ಉಯ್ಯಾಲೆಯಾಡುವ ತಕ್ಕಡಿಗಿಂತ ಮೇಲಾಗಬಹುದೆಂಬುದು ನನಗೆ ಅಂದಿನವರೆಗೆ ತಿಳಿದಿರಲಿಲ್ಲ. ಹಿಂದಿನ ಬೆಂಚಿನವಳು ಮಾಡಿದುದೆಂದರೆ, ಅದೇ ತಕ್ಕಡಿಯ ವಾಲನ್ನು ಅಳೆದು ಸರಿಪಡಿಸಿದುದು.

ಸರಾಸರಿಗೆ ಈ ಸೋಲು ಏಕೆ ಬಂದಿತು? ಸರಾಸರಿಯು ಐದು ಚೀಟಿಗಳನ್ನೂ ಸಮನಾಗಿ ಮನ್ನಿಸುವುದು. ಆದರೆ ಚೀಟಿಗಳೆಲ್ಲಾ ಸಮನಾಗಿ ಸುದ್ದಿ ಹೇಳುವುದಿಲ್ಲ. ಅತಿ ದೊಡ್ಡ ಸಂಖ್ಯೆ ಯಾವುದೆಂದು ತಿಳಿದ ಮೇಲೆ, ಉಳಿದ ನಾಲ್ಕು ಅದರ ಕೆಳಗೆ ಎಲ್ಲಿಯಾದರೂ ಬಿದ್ದಿರಬಹುದು. ಡಬ್ಬಿಯಲ್ಲಿ ಅರುವತ್ತು ಇದ್ದರೂ ಆರುನೂರು ಇದ್ದರೂ ಅವು ಬೀಳುವ ರೀತಿ ಒಂದೇ. ಆದುದರಿಂದ ಮೊತ್ತವನ್ನು ಕುರಿತು ಅವು ಹೊಸದೇನನ್ನೂ ಹೇಳಲಾರವು. ಸರಾಸರಿಯು ಆ ನಾಲ್ವರ ಗದ್ದಲಕ್ಕೆ ಕಿವಿಗೊಟ್ಟು ಒಬ್ಬನ ಸಾಕ್ಷ್ಯವನ್ನು ಕಳೆದುಕೊಳ್ಳುವುದು.

ಈ ಲೆಕ್ಕವು ಮಕ್ಕಳ ಆಟ ಮಾತ್ರವಲ್ಲ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ತಮ್ಮ ಟ್ಯಾಂಕುಗಳಿಗೂ ಅವುಗಳ ಭಾಗಗಳಿಗೂ ಕ್ರಮಸಂಖ್ಯೆಗಳನ್ನು ಕೊಡುತ್ತಿದ್ದರು. ಸೆರೆಸಿಕ್ಕಿದ ಟ್ಯಾಂಕುಗಳ ಮೇಲಿನ ಆ ಅಂಕಿಗಳಿಂದ ಶತ್ರುವು ತಿಂಗಳಿಗೆ ಎಷ್ಟು ಟ್ಯಾಂಕುಗಳನ್ನು ಮಾಡುತ್ತಿರುವನೆಂದು ಅಂದಾಜು ಮಾಡುವ ಕೆಲಸವನ್ನು, ಲಂಡನ್ನಿನಲ್ಲಿದ್ದ ಅಮೆರಿಕನ್ ರಾಯಭಾರ ಕಚೇರಿಯ ಆರ್ಥಿಕ ಯುದ್ಧ ವಿಭಾಗದವರು 1943ರಲ್ಲಿ ಕೈಗೊಂಡರು. ಇತ್ತ ಗೂಢಚಾರರ ವರದಿಗಳಿಂದ ಮಾಡಿದ ಅಂದಾಜುಗಳೂ ಇದ್ದವು. ಯುದ್ಧ ಮುಗಿದ ಮೇಲೆ ಜರ್ಮನಿಯ ಕಡತಗಳೇ ಕೈಗೆ ಬಂದುದರಿಂದ ಎರಡನ್ನೂ ಒರೆಗೆ ಹಚ್ಚುವುದು ಸಾಧ್ಯವಾಯಿತು. 1940ರ ಜೂನ್ ತಿಂಗಳಿಗೆ ಗೂಢಚಾರರ ಲೆಕ್ಕ 1000, ಕ್ರಮಸಂಖ್ಯೆಗಳ ಲೆಕ್ಕ 169, ಕಡತದಲ್ಲಿದ್ದುದು 122. 1941ರ ಜೂನ್ ತಿಂಗಳಿಗೆ ಗೂಢಚಾರರದು 1550, ಕ್ರಮಸಂಖ್ಯೆಗಳದು 244, ಕಡತದಲ್ಲಿ 271. 1942ರ ಆಗಸ್ಟಿಗೆ ಮತ್ತೆ ಗೂಢಚಾರರದು 1550, ಕ್ರಮಸಂಖ್ಯೆಗಳದು 327, ಕಡತದಲ್ಲಿ 342. ರಿಚರ್ಡ್ ರಗಲ್ಸ್, ಹೆನ್ರಿ ಬ್ರೋಡಿ ಎಂಬಿಬ್ಬರು 1947ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಈ ವೃತ್ತಾಂತವನ್ನು ಪ್ರಕಟಿಸಿದರು. ಯಾವ ತಿಂಗಳಲ್ಲಿಯೂ ಕ್ರಮಸಂಖ್ಯೆಯ ಅಂದಾಜು ಕಡತದ ಅಂಕಿಗೆ ಸರಿಯಾಗಿ ಕೂಡಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಅದರ ಹಿರಿಮೆಯಿರುವುದು ತಪ್ಪದಿರುವುದರಲ್ಲಿ ಅಲ್ಲ. ಮೂರು ಸಲವೂ ಸ್ವಲ್ಪವೇ ತಪ್ಪಿದುದರಲ್ಲಿ.

ಇಷ್ಟಾದ ಮೇಲೆ ನಾನು ಇನ್ನೊಂದು ತಪ್ಪನ್ನು ಮಾಡುವುದರಲ್ಲಿದ್ದೆನು. ಸರಾಸರಿಯನ್ನು ಅಳಿಸಿದ ಜಾಗದಲ್ಲಿಯೇ "ಇದು ಎಲ್ಲಕ್ಕಿಂತ ಮೇಲಾದ ಕ್ರಮ" ಎಂದು ಹಿಂದಿನ ಬೆಂಚಿನವಳ ಕ್ರಮವನ್ನು ಬರೆಯಹೊರಟೆನು. ವಾರದ ಕಡೆಯ ದಿನ ಒಬ್ಬಳು ಅವಸರದಲ್ಲಿ ಒಂದು ಚೀಟಿಯನ್ನು ತಲೆಕೆಳಗಾಗಿ ಹಿಡಿದು ಓದಿದಳು. ನಾನು ಅಂಕಿಗಳನ್ನು ಇಂಗ್ಲಿಷಿನಲ್ಲಿ ಬರೆದಿದ್ದೆನಾದುದರಿಂದ 16 ಎಂಬುದು 91 ಆಯಿತು. ಉಳಿದ ನಾಲ್ಕು 25, 33, 40, 47. ಸರಿಯಾಗಿ ಓದಿದ್ದರೆ ಹಿಂದಿನ ಬೆಂಚಿನವಳ ಕ್ರಮವು 55 ಎನ್ನುತ್ತಿದ್ದಿತು. ಈಗ 108 ಎಂದಿತು. ಸರಾಸರಿಯು 63ರಿಂದ 93ಕ್ಕೆ ಹಾರಿತು. ಐದರಲ್ಲಿ ನಡುವೆ ನಿಲ್ಲುವ ಸಂಖ್ಯೆಯನ್ನು ಇಮ್ಮಡಿಸಿ ಒಂದನ್ನು ಕಳೆಯುವ ನಾಲ್ಕನೆಯ ಕ್ರಮವೊಂದುಂಟು. ಚೀಟಿಗಳನ್ನು ಸರಿಯಾಗಿ ಓದುವ ಒಳ್ಳೆಯ ದಿನಗಳಲ್ಲಿ ಅದು ನಾಲ್ಕರಲ್ಲಿಯೂ ಕಡೆಯದು; ಅದರ ತಪ್ಪು ಸುಮಾರು 22ರಷ್ಟು. ಆದರೆ ಆ ದಿನ ಅದು 65ರಿಂದ 79ಕ್ಕೆ ಏರಿತೇ ಹೊರತು ಮತ್ತೆರಡರಂತೆ ದಿಕ್ಕೆಡಲಿಲ್ಲ. ಒಬ್ಬನ ಸಾಕ್ಷ್ಯವನ್ನೇ ನಂಬುವವನು, ಆ ಸಾಕ್ಷಿ ಸುಳ್ಳು ಹೇಳಿದರೆ ಎಲ್ಲರಿಗಿಂತ ಹೆಚ್ಚಾಗಿ ಮೋಸಹೋಗುವನು. ಹೀಗೆ ಯಾವ ಕ್ರಮವು ಮೇಲೆಂಬ ಪ್ರಶ್ನೆಗೆ, ಚೀಟಿಗಳನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ಹೇಳದೆ ಉತ್ತರವಿಲ್ಲ.

ಇಂತಹ ವಾದವೊಂದು ದೊಡ್ಡವರಲ್ಲಿಯೂ ನಡೆದುದನ್ನು ಮುಂದೆ ಓದಿ ತಿಳಿದೆನು. ಕೇಂಬ್ರಿಜ್ಜಿನ ಖಗೋಳಶಾಸ್ತ್ರಜ್ಞ ಆರ್ಥರ್ ಎಡಿಂಗ್ಟನ್ನರು 1914ರಲ್ಲಿ ಪ್ರಕಟಿಸಿದ ನಕ್ಷತ್ರಗಳ ಚಲನೆಯ ಗ್ರಂಥದಲ್ಲಿ, ಅಳತೆಗಳ ಚೆದರನ್ನು ತಿಳಿಯಲು ವ್ಯತ್ಯಾಸಗಳನ್ನು ವರ್ಗಮಾಡುವುದಕ್ಕಿಂತ ಇದ್ದಂತೆಯೇ ಕೂಡಿ ಸರಾಸರಿ ತೆಗೆಯುವುದು ಮೇಲೆಂದು ಹೇಳಿದ್ದರು. ರೊನಾಲ್ಡ್ ಫಿಷರರು 1920ರಲ್ಲಿ ಅದನ್ನು ಗಣಿತದಿಂದ ಪರೀಕ್ಷಿಸಿ, ಅಳತೆಗಳು ನಿಯಮಕ್ಕೆ ಸರಿಯಾಗಿ ಒಳಪಟ್ಟಿದ್ದರೆ, ವರ್ಗದ ಕ್ರಮಕ್ಕೆ 100 ಅಳತೆಗಳು ಸಾಕಾಗುವಲ್ಲಿ ಎಡಿಂಗ್ಟನ್ನರ ಕ್ರಮಕ್ಕೆ 114 ಬೇಕಾಗುವುದೆಂದು ತೋರಿಸಿದರು. ಅಲ್ಲಿಗೆ ವಾದ ಮುಗಿಯಿತೆಂದು ಎಲ್ಲರೂ ತಿಳಿದರು. ಆದರೆ 1960ರಲ್ಲಿ ಜಾನ್ ಟ್ಯೂಕಿ ಎಂಬ ಅಮೆರಿಕದ ಪಂಡಿತರು, ಮಿಕ್ಕವಕ್ಕಿಂತ ಮೂರು ಪಾಲು ಚೆದರುವ ಕೆಟ್ಟ ಅಳತೆಗಳು ಸಾವಿರಕ್ಕೆ ಎರಡು ಮೂರು ಸೇರಿದರೂ ಸಾಕು, ಎಡಿಂಗ್ಟನ್ನರ ಕ್ರಮವೇ ಮೇಲಾಗುವುದೆಂದು ತೋರಿಸಿದರು. ಫಿಷರರ ಗಣಿತದಲ್ಲಿ ತಪ್ಪಿರಲಿಲ್ಲ. ಎಡಿಂಗ್ಟನ್ನರ ಅನುಭವದಲ್ಲಿಯೂ ತಪ್ಪಿರಲಿಲ್ಲ. ಒಬ್ಬರು ನಿರ್ಮಲವಾದ ಅಳತೆಗಳನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಇನ್ನೊಬ್ಬರು ರಾತ್ರಿಯೆಲ್ಲಾ ದೂರದರ್ಶಕದ ಬಳಿ ನಿಂತು ತೆಗೆದ ಅಳತೆಗಳನ್ನು ಬಲ್ಲವರಾಗಿದ್ದರು.

ಇನ್ನು ನನ್ನ ಕಥೆ. ಮೊದಲ ರಾತ್ರಿಯೇ ನಾನು ಐಚ್ಛಿಕ ಗಣಿತದ ಪಟ್ಟಿಯನ್ನು ಹೊರಕ್ಕೆ ತೆಗೆದಿದ್ದೆನು. ಒಂದು ಪರೀಕ್ಷೆಯ ಅಂಕವೆಂದರೆ ಡಬ್ಬಿಯಿಂದ ಒಂದು ಸಲ ತೆಗೆದ ಚೀಟಿಯಲ್ಲವೇ? ಆ ದಿನ ಹುಡುಗಿಗೆ ಜ್ವರವಿದ್ದಿರಬಹುದು. ಮನೆಯಲ್ಲಿ ಯಾರೋ ಕಾಯಿಲೆ ಮಲಗಿರಬಹುದು. ಓದಿದ ಅಧ್ಯಾಯದಿಂದ ಪ್ರಶ್ನೆ ಬಾರದೆ ಹೋಗಿರಬಹುದು. ಚೀಟಿಯು ತಲೆಕೆಳಗಾಗಿ ಬಂದಿರಲೂಬಹುದು. ಅದೊಂದರಿಂದಲೇ ಆಕೆಯ ಶಕ್ತಿಯನ್ನು ಅಳೆದ ನನ್ನ ಕ್ರಮವನ್ನು ನಾನು ಎಂದೂ ಪರೀಕ್ಷಿಸಿರಲಿಲ್ಲ. ಆಕೆಯ ಇಡೀ ವರ್ಷದ ನೋಟುಬುಕ್ಕನ್ನು ತರಿಸಿಕೊಂಡು ಒಂದೊಂದು ಪುಟವನ್ನೂ ನೋಡಿದೆನು. ಅಂಕಿಗಳನ್ನು ಇಳಿಸುವಾಗ ಕೈತಪ್ಪುಗಳು ಬಹಳ. ಆದರೆ ಯೋಚನೆ ತಪ್ಪಿದ ಪುಟಗಳು ಬಹು ಕಡಮೆ. ನಾನು ವರ್ಷವೆಲ್ಲಾ ಕಡೆಯ ಸಾಲಿನ ಉತ್ತರವನ್ನು ಮಾತ್ರ ನೋಡಿ ತಪ್ಪು ಗುರುತು ಹಾಕುತ್ತಾ ಬಂದಿದ್ದೆನು. ಪಟ್ಟಿಯ ಕೊನೆಯಲ್ಲಿ ಆಕೆಯ ಹೆಸರನ್ನು ಬರೆದೆನು.

ತರಗತಿಯೆಲ್ಲಾ ಕೇಳುವಂತೆ, "ಮಗು, ತಪ್ಪು ನಿನ್ನದಲ್ಲ, ನನ್ನದು" ಎಂದು ಹೇಳಿ ಆಕೆಯ ಪುಸ್ತಕದ ಕೆಂಪು ಗುರುತನ್ನು ಹೊಡೆದು, ಪಕ್ಕದಲ್ಲಿ ನನ್ನ ಸಹಿಯನ್ನು ಹಾಕಿದೆನು. ಮುಂದಿನ ಬೆಂಚಿನವಳು ಎದ್ದುಬಂದು ಪೆನ್ಸಿಲನ್ನು ನನ್ನ ಮೇಜಿನ ಮೇಲಿಟ್ಟಳು. ಆಕೆಯ ಕ್ರಮವೂ ಯೋಚನೆಯಿಂದ ಹುಟ್ಟಿದುದೇ ಆದುದರಿಂದ ಅದನ್ನು ಹಿಂದಕ್ಕೆ ಕೊಟ್ಟು, ಹಿಂದಿನ ಬೆಂಚಿನವಳಿಗೆ ಇನ್ನೊಂದನ್ನು ತರಿಸಿಕೊಟ್ಟೆನು. ಐಚ್ಛಿಕ ಗಣಿತದಲ್ಲಿ ಆಕೆ ಮೊದಲಿಗಳಾದಳೆಂದು ಬರೆದರೆ ಕಥೆಗೆ ಸೊಗಸಾಗುತ್ತಿದ್ದಿತು, ಆದರೆ ಆಗಲಿಲ್ಲ. ಚೆನ್ನಾಗಿ ತೇರ್ಗಡೆಯಾದಳು, ಕೈತಪ್ಪುಗಳನ್ನು ಕೊನೆಯವರೆಗೂ ಬಿಡಲಿಲ್ಲ. ನನ್ನ ತೀರ್ಮಾನವು ಸರಿಯಾಗಿದ್ದಿತೆಂಬುದಕ್ಕೆ ಆಕೆ ಮೊದಲಿಗಳಾಗಬೇಕಾದ ಅವಶ್ಯಕತೆಯೂ ಇಲ್ಲ. ಒಂದು ಫಲದಿಂದ ಒಂದು ಕ್ರಮವನ್ನು ಅಳೆಯಬಾರದೆಂದು ತಾನೇ ನಾನು ಕಲಿತದ್ದು?

ಆ ಮೇಲೆ ನಾನು ಇಲ್ಲಿದ್ದಷ್ಟು ವರ್ಷವೂ ಒಂದೇ ಪರೀಕ್ಷೆಯಿಂದ ಯಾವ ಹುಡುಗಿಯ ವಿಷಯದಲ್ಲಿಯೂ ಕಡೆಯ ಮಾತನ್ನು ಬರೆಯಲಿಲ್ಲ. ವರ್ಷವೆಲ್ಲಾ ನಡೆಯುವ ಕಿರುಪರೀಕ್ಷೆಗಳ ಅಂಕಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಎಲ್ಲಕ್ಕಿಂತ ಕೆಳಗಿನ ಒಂದನ್ನೂ ಎಲ್ಲಕ್ಕಿಂತ ಮೇಲಿನ ಒಂದನ್ನೂ ಬಿಟ್ಟು, ಉಳಿದುದನ್ನು ನೋಡುತ್ತಿದ್ದೆನು. ಇದೂ ತಪ್ಪದ ಕ್ರಮವೇನಲ್ಲ. ಆದರೆ ಎಷ್ಟು ತಪ್ಪಬಹುದೆಂಬುದನ್ನು ಬಲ್ಲ ಕ್ರಮ.

ಬಿಸ್ಕತ್ತಿನ ಡಬ್ಬಿ ಈಗಲೂ ನನ್ನ ಬಳಿ ಇದೆ. ಚೀಟಿಗಳು ಹಳದಿಯಾಗಿವೆ. 6, 9 ಇರುವ ಅಂಕಿಗಳ ಕೆಳಗೆ ಅಂದೇ ಒಂದೊಂದು ಗೆರೆ ಎಳೆದಿಟ್ಟೆನು. ಈ ಸಂಚಿಕೆಯನ್ನು ಓದುವ ಹುಡುಗಿಯರೂ ಮನೆಯಲ್ಲಿ ಒಂದು ಡಬ್ಬಿಯನ್ನು ಹುಡುಕಿಕೊಂಡು, ಅರುವತ್ತು ಚೀಟಿಗಳನ್ನು ಬರೆದು, ತಂಗಿಯರನ್ನು ಕೂರಿಸಿಕೊಂಡು ಈ ಆಟವನ್ನು ಆಡಿ ನೋಡಲೆಂದು ಕೋರುವೆನು. ಆಡುವಾಗ ನಿಮ್ಮಲ್ಲಿ ಯಾರಾದರೂ, "ಇನ್ನೊಂದು ಸಲ ತೆಗೆಯೋಣವೇ?" ಎಂದು ಕೇಳಿದರೆ, ದಯವಿಟ್ಟು ಡಬ್ಬಿಯ ಮುಚ್ಚಳವನ್ನು ಹಾಕಬೇಡಿರಿ.